ಬೆಳಿಗ್ಗೆ ಏಳು, ಸಂಜೆ ಏಳು

ಕ್ಯಾಪ್ಸೂಲಿನ ವಾಸನೆಯಿಂದಲೇ ಶುರು ಮಾಡುತ್ತೇನೆ. ಅಲ್ಯುಮಿನಿಯಂ ಹಾಳೆ ಹರಿದ ಕೂಡಲೇ ಒಂದು ಘಾಟು ಮೂಗಿಗೆ ಬಡಿಯುತ್ತದೆ. ಸ್ವಲ್ಪ ಸ್ಪಿರಿಟ್ಟಿನ ಹಾಗೆ, ಸ್ವಲ್ಪ ಹಳೇ ಎಣ್ಣೆಯ ಹಾಗೆ. ಮೆತ್ತಗಿನ ಕ್ಯಾಪ್ಸೂಲ್, ಒಳಗೆ ದ್ರವ. ಹೆಸರು ಸೈಕ್ಲೋಸ್ಪೊರಿನ್, ನನ್ನ ಕಿಡ್ನಿಯ ಕಾಯಿಲೆಗೆ ಕೊಟ್ಟ ಔಷಧ. ಶಿರಸಿ ಪೇಟೆಯಿಂದ ಒಳಗೆ, ಅಡಿಕೆ ತೋಟದ ಮಧ್ಯ ಇರುವ ನಮ್ಮ ಮನೆಯಲ್ಲಿ ಎರಡು ವರ್ಷಕ್ಕೂ ಮೇಲೆ ದಿನಕ್ಕೆ ಎರಡು ಸಲ ಈ ವಾಸನೆ ಎದ್ದಿದೆ. ಬೆಳಿಗ್ಗೆ ಏಳಕ್ಕೆ ಒಮ್ಮೆ, ಸಂಜೆ ಏಳಕ್ಕೆ ಒಮ್ಮೆ. ಇದನ್ನು ತಗೊಳ್ಳುತ್ತಿರುವವರು, ತಗೊಳ್ಳಬೇಕಾಗಿ ಬಂದವರು ನಮ್ಮ ಕಡೆ ಇನ್ನೂ ಎಷ್ಟೋ ಜನ ಇರಬಹುದು. ನನಗೆ ಶುರುವಿನಲ್ಲಿ ಯಾರಾದರೂ ಕನ್ನಡದಲ್ಲಿ ಬಿಡಿಸಿ ಹೇಳಿದ್ದರೆ ಅರ್ಧ ಹೆದರಿಕೆ ಕಮ್ಮಿ ಆಗುತ್ತಿತ್ತು. ಅದಕ್ಕೇ ಬರೆಯುತ್ತಿದ್ದೇನೆ.

2021ರ ಜೂನ್, ಮಳೆ ಹಿಡಿದ ವಾರ. ಬೆಳಿಗ್ಗೆ ಎದ್ದು ಹೊರಗೆ ಬಂದವಳನ್ನು ನೋಡಿ ಆಯಿ, "ಕೂಸೇ, ಕಣ್ಣು ಎಂತಕ್ಕೆ ಹಿಂಗೆ ಬಾತಿದ್ದು?" ಅಂದಳು. ನಿದ್ದೆ ಜಾಸ್ತಿ ಆಗಿರಬೇಕು ಅಂದುಕೊಂಡೆ. ಮಧ್ಯಾಹ್ನದ ಹೊತ್ತಿಗೆ ಕಣ್ಣು ಇಳಿಯಿತು, ಸಂಜೆಗೆ ಪಾದ ಬಾತಿತ್ತು. ಹತ್ತಿರದ ಡಾಕ್ಟರ್ ಅಲರ್ಜಿ ಇರಬಹುದು ಅಂತ ಮಾತ್ರೆ ಕೊಟ್ಟರು. ಹತ್ತು ದಿನ ಹಾಗೇ ಹೋಯಿತು. ಅಷ್ಟರಲ್ಲಿ ಮೊಣಕಾಲಿನ ಕೆಳಗೆ ಬೆರಳು ಒತ್ತಿದರೆ ಗುಳಿ ಬಿದ್ದು ಹಾಗೇ ಉಳಿಯುತ್ತಿತ್ತು, ಮೂತ್ರದಲ್ಲಿ ಸೋಪಿನ ನೊರೆಯ ಹಾಗೆ ನೊರೆ, ಎಷ್ಟು ನೀರು ಹೊಯ್ದರೂ ಹೋಗದು.

ನಾನು ಬಿಎಸ್ಸಿ ಓದಿದವಳು, ರಸಾಯನಶಾಸ್ತ್ರ ನನ್ನ ಇಷ್ಟದ ವಿಷಯ, ಈಗ ಹೈಸ್ಕೂಲು ಮಕ್ಕಳಿಗೆ ಮನೆಯಲ್ಲಿ ಪಾಠ ಹೇಳುತ್ತೇನೆ. ಹಾಗಿದ್ದೂ ಆ ನೊರೆ ಎಂದರೆ ಪ್ರೋಟೀನು ಎಂದು ನನಗೆ ಹೊಳೆಯಲಿಲ್ಲ. ಮೂತ್ರ ಪರೀಕ್ಷೆಗೆ ಕೊಟ್ಟ ದಿನ ಪೇಟೆಯ ಲ್ಯಾಬಿನ ಹುಡುಗಿ ನನ್ನೆದುರೇ ಟ್ಯೂಬಿಗೆ ನಾಲ್ಕು ಹನಿ ಸಲ್ಫೋಸ್ಯಾಲಿಸಿಲಿಕ್ ಆಮ್ಲ ಹಾಕಿದಳು. ತಿಳಿಯಾಗಿದ್ದದ್ದು ಮಜ್ಜಿಗೆಯ ಹಾಗೆ ಬೆಳ್ಳಗಾಯಿತು, ಆಮೇಲೆ ಚೂರುಚೂರಾಗಿ ತಳಕ್ಕೆ ಕೂತಿತು. ಅದು ನನ್ನ ರಕ್ತದಲ್ಲಿ ಇರಬೇಕಾದ ಆಲ್ಬುಮಿನ್ ಎನ್ನುವ ಪ್ರೋಟೀನು. ಅವಳು ಏನೂ ಹೇಳಲಿಲ್ಲ, ಚೀಟಿಯಲ್ಲಿ ನಾಲ್ಕು ಪ್ಲಸ್ ಬರೆದು ಕೊಟ್ಟಳು.

ನಮ್ಮ ಜಿಲ್ಲೆಯವರಿಗೆ ಮುಂದಿನ ದಾರಿ ಗೊತ್ತೇ ಇದೆ ಅಲ್ವಾ. ದೊಡ್ಡ ಆಸ್ಪತ್ರೆ ಬೇಕು ಅಂತ ಎಷ್ಟು ವರ್ಷದಿಂದ ಕೇಳುತ್ತಿದ್ದೇವೆ, ಅಲ್ಲಿಯ ತನಕ ಘಟ್ಟ ಇಳಿಯಬೇಕು. ದೇವಿಮನೆ ಘಟ್ಟ ಇಳಿದು ಕುಮಟಾ, ಅಲ್ಲಿಂದ ಹೊನ್ನಾವರ, ಭಟ್ಕಳ, ಕುಂದಾಪುರ, ಉಡುಪಿ, ಮಣಿಪಾಲ. ಕಾಲು ಕೆಳಗೆ ಬಿಟ್ಟು ಅಷ್ಟು ಹೊತ್ತು ಕೂತರೆ ಇಳಿಯುವಾಗ ಚಪ್ಪಲಿ ಹಿಡಿಸುತ್ತಿರಲಿಲ್ಲ. ಅಲ್ಲಿ ಕಿಡ್ನಿಯ ಒಂದು ಎಳೆ ತೆಗೆದು ನೋಡಿದರು. ಸಾಮಾನ್ಯ ಸೂಕ್ಷ್ಮದರ್ಶಕದಲ್ಲಿ ಎಲ್ಲ ಸರಿ ಇದ್ದ ಹಾಗೆ ಕಾಣುತ್ತದೆ, ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಮಾತ್ರ ದೋಷ ಸಿಗುತ್ತದೆ. ಅದಕ್ಕೇ ಕಾಯಿಲೆಯ ಹೆಸರೂ "ಮಿನಿಮಲ್ ಚೇಂಜ್". ಕಿಡ್ನಿಯ ಜರಡಿಯಲ್ಲಿ ಪೋಡೊಸೈಟ್ ಎನ್ನುವ ಜೀವಕೋಶಗಳಿವೆ. ಅವಕ್ಕೆ ಸಣ್ಣ ಸಣ್ಣ ಪಾದ. ಆ ಪಾದಗಳು ಒಂದಕ್ಕೊಂದು ಬೆರಳು ಹೆಣೆದ ಹಾಗೆ ಹೊಂದಿಕೊಂಡು ಪ್ರೋಟೀನನ್ನು ಒಳಗೇ ತಡೆಯುತ್ತವೆ. ನನ್ನಲ್ಲಿ ಆ ಪಾದಗಳು ಚಪ್ಪಟೆಯಾಗಿ ಹರಡಿಬಿಟ್ಟಿದ್ದವು. ಮೈಯ ರೋಗನಿರೋಧಕ ಶಕ್ತಿಯೇ ದಾರಿ ತಪ್ಪಿದ್ದು ಇದಕ್ಕೆ ಕಾರಣ ಇರಬಹುದು ಅನ್ನುತ್ತಾರೆ.

ಮೊದಲು ಕೊಟ್ಟದ್ದು ಪ್ರೆಡ್ನಿಸೊಲೋನ್, ಸ್ಟೀರಾಯ್ಡ್. ಮೂರೇ ವಾರದಲ್ಲಿ ನೊರೆ ನಿಂತಿತು. ಮುಖ ಗುಂಡಗಾಯಿತು, ರಾತ್ರಿ ನಿದ್ದೆ ಇಲ್ಲ, ಆದರೂ ಖುಷಿ. ಪ್ರಮಾಣ ಇಳಿಸುತ್ತಾ 15 ಮಿಲಿಗ್ರಾಂಗೆ ಬಂದಾಗ ಮತ್ತೆ ನೊರೆ. ಏರಿಸಿದರು, ನಿಂತಿತು. ಇಳಿಸಿದರು, ಬಂತು. ಹೀಗೆ ಎರಡು ಸಲ ಆದ ಮೇಲೆ 2022ರ ಏಪ್ರಿಲಿನಲ್ಲಿ ಡಾಕ್ಟರ್ ಕುರ್ಚಿ ಹತ್ತಿರ ಎಳೆದುಕೊಂಡು ಕೂತು ಹೇಳಿದರು: "ನೋಡಿ, ಸ್ಟೀರಾಯ್ಡ್ ಮೇಲೇ ನಿಮ್ಮನ್ನು ಇಡೋಕೆ ಆಗಲ್ಲ. ಇನ್ನೊಂದು ಔಷಧ ಇದೆ. ಬೂಷ್ಟಿನಿಂದ ಬಂದದ್ದು. ಕಿಡ್ನಿ ಉಳಿಸೋಕೆ ಕೊಡ್ತೀವಿ, ಜಾಸ್ತಿ ಆದ್ರೆ ಕಿಡ್ನಿಗೇ ಪೆಟ್ಟು. ಅದಕ್ಕೆ ನೀವು ನನ್ನ ಜೊತೆ ಸೇರಿ ಕೆಲಸ ಮಾಡಬೇಕು." ಕೊನೆಯ ಮಾತು ನನ್ನನ್ನು ಹಿಡಿದು ನಿಲ್ಲಿಸಿತು. ಅಲ್ಲಿಯ ತನಕ ಯಾರೂ ನನ್ನನ್ನು ಕೆಲಸಕ್ಕೆ ಕರೆದಿರಲಿಲ್ಲ, ಮಾತ್ರೆ ನುಂಗಲು ಮಾತ್ರ ಹೇಳಿದ್ದರು.

ತೂಕ 50 ಕೆಜಿ. ಕೆಜಿಗೆ 4 ಮಿಲಿಗ್ರಾಂ ಲೆಕ್ಕದಲ್ಲಿ ದಿನಕ್ಕೆ 200. ಬೆಳಿಗ್ಗೆ 100, ಸಂಜೆ 100.

ಬೂಷ್ಟು ಅಂದ ಕೂಡಲೇ ತೋಟದವರಿಗೆ ಏನು ನೆನಪಾಗುತ್ತದೆ? ಮಳೆಗಾಲದ ಕೊಳೆರೋಗ. ಅಪ್ಪ ಬೋರ್ಡೋ ದ್ರಾವಣಕ್ಕೆ ಮೈಲುತುತ್ತ, ಸುಣ್ಣ ಕಲೆಸುತ್ತಲೇ ಬದುಕಿದವನು. "ನಾವು ಜೀವಮಾನ ಎಲ್ಲ ಅದನ್ನ ಸಾಯಿಸೋಕೆ ಹೋರಾಡಿದ್ದು, ನೀನು ಅದನ್ನೇ ತಿನ್ನುವುದಾ" ಎಂದು ಬೇಜಾರಿನಿಂದಲೇ ಕೇಳಿದ. ನಿಜವಾಗಿ ಕೊಳೆರೋಗ ತರುವುದು ಶಿಲೀಂಧ್ರದ ಹಾಗೆ ಕಾಣುವ, ಆದರೆ ಆ ಕುಲಕ್ಕೇ ಸೇರದ ಬೇರೆ ಜೀವಿ. ಅದನ್ನು ಅಪ್ಪನಿಗೆ ಹೇಳಿದೆ. ಅವನಿಗೆ ಅಷ್ಟು ಸಮಾಧಾನ ಆಗಲಿಲ್ಲ. ಸಮಾಧಾನ ಆದದ್ದು ಬೇರುಹುಳದ ಕಥೆ ಹೇಳಿದ ಮೇಲೆ, ಅದಕ್ಕೆ ಆಮೇಲೆ ಬರುತ್ತೇನೆ.

ನನ್ನ ಔಷಧದ ಬೂಷ್ಟು ಸಿಕ್ಕಿದ್ದು ನಾರ್ವೆಯಲ್ಲಿ. ಸ್ವಿಟ್ಜರ್ಲೆಂಡಿನ ಸ್ಯಾಂಡೋಜ್ ಕಂಪನಿಯವರು ತಮ್ಮ ಕೆಲಸಗಾರರಿಗೆ ಪ್ರವಾಸ ಹೋದ ಕಡೆಯಿಂದ ಒಂದು ಚೀಲ ಮಣ್ಣು ತನ್ನಿ ಅಂತ ಹೇಳುತ್ತಿದ್ದರು. ಮಣ್ಣಿನ ಸೂಕ್ಷ್ಮಜೀವಿಗಳಲ್ಲಿ ಹೊಸ ಔಷಧ ಹುಡುಕುವುದು ಉದ್ದೇಶ. 1969ರಲ್ಲಿ ಹ್ಯಾನ್ಸ್ ಪೀಟರ್ ಫ್ರೈ ಎಂಬುವರು ಹಾರ್ಡಾಂಗರ್‌ವಿಡ್ಡ ಎನ್ನುವ ಮರವಿಲ್ಲದ ಎತ್ತರದ ಬಯಲಿನಿಂದ ಮಣ್ಣು ತಂದರು. ಅದರಲ್ಲಿ ಬೆಳೆದ ಬೂಷ್ಟಿಗೆ ಈಗಿನ ಹೆಸರು ಟಾಲಿಪೊಕ್ಲೇಡಿಯಂ ಇನ್‌ಫ್ಲೇಟಂ. ಮೊದಲು ಅವರು ಹುಡುಕಿದ್ದು ಶಿಲೀಂಧ್ರ ಕೊಲ್ಲುವ ಔಷಧ. ಆ ಲೆಕ್ಕದಲ್ಲಿ ಇದು ದುರ್ಬಲ, ಬದಿಗೆ ಇಟ್ಟುಬಿಡುವಷ್ಟು. ಆದರೆ 1972ರಲ್ಲಿ ಹಾರ್ಟ್‌ಮನ್ ಸ್ಟೇಹೆಲಿನ್ ಮತ್ತು ಜಾನ್ ಫ್ರಾನ್ಸ್ವಾ ಬೊರೆಲ್ ಅವರ ಪರೀಕ್ಷೆಗಳಲ್ಲಿ ಇದು ಇಲಿಯ ರೋಗನಿರೋಧಕ ಶಕ್ತಿಯನ್ನು ತಗ್ಗಿಸುತ್ತದೆ ಎಂದು ಗೊತ್ತಾಯಿತು. ಹೆಚ್ಚಿನ ವಿಷಯ ಏನಂದರೆ, ಅಲ್ಲಿಯ ತನಕದ ಇಂಥ ಔಷಧಗಳು ಬೆಳೆಯುವ ಎಲ್ಲ ಜೀವಕೋಶವನ್ನೂ ಹೊಡೆಯುತ್ತಿದ್ದವು, ಮೂಳೆಯ ಮಜ್ಜೆಯೂ ಸೊರಗುತ್ತಿತ್ತು. ಇದು ಮುಖ್ಯವಾಗಿ ರೋಗನಿರೋಧಕ ಕೆಲಸ ಮಾಡುವ ಬಿಳಿ ರಕ್ತಕಣಗಳಲ್ಲಿ ಒಂದು ಬಗೆಯಾದ ಟಿ ಜೀವಕೋಶಗಳನ್ನಷ್ಟೇ ಸುಮ್ಮನಿರಿಸುತ್ತಿತ್ತು, ಕೊಲ್ಲದೆ. 1978ರಲ್ಲಿ ಕೇಂಬ್ರಿಡ್ಜಿನ ರಾಯ್ ಕಾನ್ ಕಿಡ್ನಿ ಕಸಿ ಮಾಡಿಸಿಕೊಂಡವರಿಗೆ, ಹೊಸ ಕಿಡ್ನಿಯನ್ನು ಮೈ ತಿರಸ್ಕರಿಸದಿರಲಿ ಅಂತ, ಮೊದಲ ಬಾರಿ ಕೊಟ್ಟರು. 1983ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು.

ರಾಯ್ ಕಾನ್ ಶುರು ಮಾಡಿದ ಪ್ರಮಾಣ ದಿನಕ್ಕೆ ಕೆಜಿಗೆ 25 ಮಿಲಿಗ್ರಾಂ. ನನಗೆ 4. ಅದನ್ನು ಓದಿದ ದಿನ ಆ ಮೊದಲ ರೋಗಿಗಳ ಬಗ್ಗೆ ತುಂಬಾ ಹೊತ್ತು ಯೋಚಿಸಿದೆ. ಈ ಔಷಧ ಕಿಡ್ನಿಗೆ ತೊಂದರೆ ಕೊಡುತ್ತದೆ ಎನ್ನುವುದು ಗೊತ್ತಾದದ್ದೇ ಅವರ ಮೈಯಿಂದ.

ಇನ್ನು ನನಗೆ ಅತಿ ಇಷ್ಟವಾದ ಭಾಗ, ಇದರ ರಚನೆ. ಪ್ಯಾರಾಸಿಟಮಾಲ್ ಅಣುವಿನ ತೂಕ 151. ಇದರದು 1202. 62 ಕಾರ್ಬನ್, 111 ಹೈಡ್ರೋಜನ್, 11 ನೈಟ್ರೋಜನ್, 12 ಆಕ್ಸಿಜನ್. ಹನ್ನೊಂದು ಅಮೈನೊ ಆಮ್ಲಗಳು ಒಂದರ ಕೈ ಒಂದು ಹಿಡಿದು ಬಳೆಯ ಹಾಗೆ ಸುತ್ತು ಹಾಕಿವೆ. ನಾವು ತಿನ್ನುವ ಬೇಳೆಯ ಪ್ರೋಟೀನು ಹೊಟ್ಟೆಯಲ್ಲಿ ಕರಗಿ ಚೂರಾಗುತ್ತದೆ, ಇದೂ ಅದೇ ಜಾತಿಯ ಸರಪಳಿ, ಹಾಗಾದರೆ ಇದು ಯಾಕೆ ಚೂರಾಗುವುದಿಲ್ಲ? ಬಳೆಗೆ ತುದಿ ಇಲ್ಲ, ಕಡಿಯುವ ಕಿಣ್ವಕ್ಕೆ ಹಿಡಿಯಲು ಅಂಚು ಸಿಗುವುದಿಲ್ಲ. ಜೊತೆಗೆ ಹನ್ನೊಂದರಲ್ಲಿ ಏಳು ಕೊಂಡಿಗಳ ನೈಟ್ರೋಜನ್ ಮೇಲೆ ಒಂದೊಂದು ಮಿಥೈಲ್ ಗುಂಪು ಕೂತಿದೆ. ಕಿಣ್ವ ಅಲ್ಲಿ ಹಲ್ಲು ಊರಲಾರದು. ಒಂದು ಅಲನಿನ್ ಅಂತೂ ನಮ್ಮ ಮೈಯ ಪ್ರೋಟೀನುಗಳಲ್ಲಿ ಇರುವುದಕ್ಕೆ ಉಲ್ಟಾ, ಎಡಗೈಯ ಬದಲು ಬಲಗೈ ಇದ್ದ ಹಾಗೆ. ಬೂಷ್ಟು ಇದನ್ನು ಸಾಮಾನ್ಯ ಪ್ರೋಟೀನಿನ ಹಾಗೆ ರೈಬೊಸೋಮಿನಲ್ಲಿ ಮಾಡುವುದೇ ಇಲ್ಲ. ಅದಕ್ಕೆಂದೇ ಒಂದು ಭಾರೀ ದೊಡ್ಡ ಕಿಣ್ವ ಇಟ್ಟುಕೊಂಡಿದೆ. ಅದೊಂದೇ ಹನ್ನೊಂದೂ ಆಮ್ಲಗಳನ್ನು ಒಂದೊಂದಾಗಿ ಎತ್ತಿ, ಬೇಕಾದಲ್ಲಿ ಮಿಥೈಲ್ ಹಚ್ಚಿ, ಪೋಣಿಸಿ, ಕೊನೆಗೆ ಬಳೆ ಮುಚ್ಚುತ್ತದೆ. ಹೂ ಕಟ್ಟುವವರ ಕೈ ನೋಡುವಾಗೆಲ್ಲ ನನಗೆ ಈಗ ಇದೇ ನೆನಪು.

ಈ ಬಳೆಗೆ ನೀರು ಅಂದರೆ ಆಗದು. ನೀರಿನ ಜೊತೆ ಬೆರೆಯಬೇಕಾದ ಹೈಡ್ರೋಜನ್‌ಗಳನ್ನೆಲ್ಲ ಒಳಮುಖ ಮಾಡಿ ತಮ್ಮತಮ್ಮಲ್ಲೇ ಬಂಧ ಕಟ್ಟಿಕೊಂಡು ಹೊರಗೆ ಎಣ್ಣೆ ಹಚ್ಚಿದ ಮೈಯ ಹಾಗೆ ಇರುತ್ತದೆ. ಎಣ್ಣೆಯಂಥ ಜೀವಕೋಶದ ಪೊರೆ ದಾಟಲು ಅದು ಅನುಕೂಲ, ಆದರೆ ಹೊಟ್ಟೆಯ ನೀರಿನಲ್ಲಿ ಕರಗುವುದೇ ಕಷ್ಟ. ಬೊರೆಲ್ ಇದನ್ನು ಮದ್ಯಸಾರದಲ್ಲಿ ಕರಗಿಸಿ ತಾವೇ ಕುಡಿದು ರಕ್ತಕ್ಕೆ ಸೇರುತ್ತದೆ ಅಂತ ತೋರಿಸಿದರು. ಕೇಂಬ್ರಿಡ್ಜಿನಲ್ಲಿ ಆಲ್ಕಿಸ್ ಕೊಸ್ತಾಕಿಸ್ ಎಂಬ ಗ್ರೀಸ್ ದೇಶದ ಡಾಕ್ಟರ್ ಆಲಿವ್ ಎಣ್ಣೆಯಲ್ಲಿ ಕರಗಿಸಿ ಇಲಿಗಳಿಗೆ ಕೊಟ್ಟರು. ತಮ್ಮ ಊರಿನ ಅಡುಗೆಮನೆಯ ಎಣ್ಣೆ! ಶುರುವಿನ ಔಷಧವೂ ಎಣ್ಣೆಯದೇ, ಆದರೆ ಒಬ್ಬರಿಗೆ ಹತ್ತಿದ ಹಾಗೆ ಇನ್ನೊಬ್ಬರಿಗೆ ಹತ್ತುತ್ತಿರಲಿಲ್ಲ, ಒಬ್ಬರಲ್ಲೇ ದಿನಕ್ಕೊಂದು ರೀತಿ. 1990ರ ದಶಕದಲ್ಲಿ ಬಂದ ಹೊಸ ತಯಾರಿಕೆಯಲ್ಲಿ ಎಣ್ಣೆ, ಹರಳೆಣ್ಣೆಯಿಂದ ಮಾಡಿದ, ಎಣ್ಣೆ ನೀರನ್ನು ಬೆರೆಸುವ ಒಂದು ವಸ್ತು, ಸ್ವಲ್ಪ ಮದ್ಯಸಾರ ಸೇರಿಸಿರುತ್ತಾರೆ. ಹೊಟ್ಟೆಯ ನೀರು ತಾಗಿದ ಕೂಡಲೇ ಅದು ಕಣ್ಣಿಗೆ ಕಾಣದಷ್ಟು ಸಣ್ಣ ಹನಿಗಳಾಗಿ ಒಡೆಯುತ್ತದೆ. ಆ ಘಾಟಿನಲ್ಲಿ ಮದ್ಯಸಾರದ ಪಾಲೂ ಇದೆ. ಕ್ಯಾಪ್ಸೂಲನ್ನು ಮೊದಲೇ ಬಿಚ್ಚಿ ಡಬ್ಬಿಗೆ ಹಾಕಿಡಬಾರದು ಅನ್ನುವುದೂ ಇದಕ್ಕೇ, ಆರಿಹೋಗುತ್ತದೆ.

ಇಷ್ಟೆಲ್ಲ ಆದ ಮೇಲೂ ನುಂಗಿದ್ದರಲ್ಲಿ ಸುಮಾರು ಮೂರರಲ್ಲಿ ಒಂದು ಪಾಲು ಮಾತ್ರ ರಕ್ತಕ್ಕೆ ಬರುತ್ತದೆ. ಹಾಗಾಗಿ ಒಂದು ಕಂಪನಿಯದು ಬಿಟ್ಟು ಇನ್ನೊಂದು ಕಂಪನಿಯದು ತಗೊಂಡರೆ ಮಟ್ಟ ಹೆಚ್ಚುಕಡಿಮೆ ಆಗಬಹುದು. ಒಮ್ಮೆ ಒಂದು ಔಷಧ ಅಂಗಡಿಯವರು "ಎಲ್ಲಾ ಒಂದೇ ಅಲ್ವಾ" ಅಂತ ಬೇರೆಯದು ಕೊಟ್ಟರು. ವಾಪಸ್ ಕೊಟ್ಟು ಎರಡು ದಿನ ಕಾದು ನನ್ನದನ್ನೇ ತರಿಸಿದೆ. ಕೈಯಲ್ಲಿ ಹತ್ತು ದಿನದ ಔಷಧ ಉಳಿದಿರುವಾಗಲೇ ತರಿಸುವ ಅಭ್ಯಾಸ ಅಲ್ಲಿಂದ ಬಂತು. ಮಳೆಗಾಲದಲ್ಲಿ ಘಟ್ಟದ ಗುಡ್ಡ ಕುಸಿದರೆ ಬಸ್ಸೇ ಇರದು, ಇನ್ನು ಪಾರ್ಸೆಲ್ ಎಲ್ಲಿಂದ.

ಒಳಗೆ ಹೋಗಿ ಇದು ಮಾಡುವ ಕೆಲಸ ಹೀಗೆ. ಟಿ ಜೀವಕೋಶದಲ್ಲಿ ಎನ್‌ಫ್ಯಾಟ್ ಎನ್ನುವ ಪ್ರೋಟೀನು ಇದೆ. ಅದು ಕೋಶದ ಕೇಂದ್ರದೊಳಗೆ ಹೋದರೆ ಇಂಟರ್‌ಲ್ಯೂಕಿನ್-2 ತಯಾರಾಗುತ್ತದೆ, ಅದೇ ಟಿ ಕೋಶಗಳಿಗೆ "ಹೆಚ್ಚಿ, ಹೊರಡಿ" ಅನ್ನುವ ಕರೆ. ಒಳಗೆ ಹೋಗದ ಹಾಗೆ ಅದರ ಮೇಲೆ ಫಾಸ್ಫೇಟುಗಳು ಕೂತಿರುತ್ತವೆ. ಕ್ಯಾಲ್ಸಿನ್ಯೂರಿನ್ ಎಂಬ ಕಿಣ್ವ ಬಂದು ಫಾಸ್ಫೇಟು ಕಿತ್ತರೆ ದಾರಿ ತೆರೆಯಿತು. ಸೈಕ್ಲೋಸ್ಪೊರಿನ್ ಮೊದಲು ಸೈಕ್ಲೋಫಿಲಿನ್ ಎಂಬ ಇನ್ನೊಂದು ಪ್ರೋಟೀನಿಗೆ ಅಂಟುತ್ತದೆ, ಆಮೇಲೆ ಆ ಜೋಡಿ ಒಟ್ಟಾಗಿ ಹೋಗಿ ಕ್ಯಾಲ್ಸಿನ್ಯೂರಿನ್ ಅನ್ನು ಕಟ್ಟಿಹಾಕುತ್ತದೆ. ಒಂಟಿಯಾಗಿ ಅದರ ಕೈಯಲ್ಲಿ ಆಗುವುದಿಲ್ಲ. ಇದು ಸ್ಪಷ್ಟವಾದದ್ದು 1991ರಲ್ಲಿ. ಅಂದರೆ ಎಷ್ಟೋ ಸಾವಿರ ಜನ ಈ ಔಷಧದಿಂದ ಬದುಕಿದ ಮೇಲೆ.

ನನ್ನ ಕಾಯಿಲೆಗೆ ಇನ್ನೂ ಒಂದು ಎಳೆ ಇದೆ. 2008ರಲ್ಲಿ ಪ್ರಕಟವಾದ ಒಂದು ಸಂಶೋಧನೆ ಹೇಳಿದ್ದು, ಈ ಔಷಧ ಪೋಡೊಸೈಟಿನ ಮೇಲೆ ನೇರವಾಗಿಯೂ ಕೆಲಸ ಮಾಡುತ್ತದೆ ಅಂತ. ಆ ಸಣ್ಣ ಪಾದಗಳಿಗೆ ಒಳಗಿನಿಂದ ಆಧಾರ ಕೊಡುವುದು ಸಿನಾಪ್ಟೊಪೋಡಿನ್ ಎನ್ನುವ ಪ್ರೋಟೀನು. ಕ್ಯಾಲ್ಸಿನ್ಯೂರಿನ್ ಅದರ ಫಾಸ್ಫೇಟನ್ನೂ ಕೀಳುತ್ತದೆ, ಕಿತ್ತ ಮೇಲೆ ಅದು ಒಡೆದು ಹೋಗುತ್ತದೆ. ಕ್ಯಾಲ್ಸಿನ್ಯೂರಿನ್ ನಿಂತರೆ ಪಾದದ ಆಧಾರ ಉಳಿಯುತ್ತದೆ. ಇದನ್ನು ಓದಿದ ರಾತ್ರಿ ನಾನು ಅತ್ತೆ. ರೋಗನಿರೋಧಕ ಶಕ್ತಿ ತಗ್ಗಿಸುವುದು ಅಂದರೆ ನನ್ನ ಮೈಯನ್ನೇ ನಾನು ಕಟ್ಟಿಹಾಕುತ್ತಿದ್ದೇನೆ ಅನ್ನುವ ಭಾವನೆ ಅಲ್ಲಿಯ ತನಕ ಇತ್ತು. ಹನ್ನೊಂದು ಮಣಿಯ ಈ ಬಳೆ ಒಳಗೆಲ್ಲೋ ಆ ಪಾದಗಳನ್ನು ಎತ್ತಿ ನಿಲ್ಲಿಸುತ್ತಿದೆ ಅಂತ ತಿಳಿದ ಮೇಲೆ ಏಳು ಗಂಟೆಯ ಮಾತ್ರೆ ನುಂಗುವುದೇ ಬೇರೆ ಥರ ಆಯಿತು.

ಆರನೇ ವಾರಕ್ಕೆ, ಮೂತ್ರದಲ್ಲಿ ಅದ್ದಿ ನೋಡುವ ಪರೀಕ್ಷೆಯ ಪಟ್ಟಿ ಹಳದಿಯಾಗಿಯೇ ಉಳಿಯಿತು. ಪ್ರೋಟೀನು ಇದ್ದರೆ ಅದು ಹಸಿರಿಗೆ ತಿರುಗುತ್ತದೆ. ಆಯಿಗೂ ಆ ಬಣ್ಣ ಓದಲು ಬರುತ್ತದೆ ಈಗ.

ರಕ್ತದಲ್ಲಿ ಔಷಧದ ಮಟ್ಟ ನೋಡುವ ಪರೀಕ್ಷೆಯಲ್ಲೇ ಎಲ್ಲರೂ ಎಡವುವುದು. ನನಗೆ ಡಾಕ್ಟರ್ ಇಟ್ಟ ಗುರಿ ಒಂದು ಮಿಲಿಲೀಟರಿಗೆ 100ರಿಂದ 150 ನ್ಯಾನೊಗ್ರಾಂ. ನ್ಯಾನೊಗ್ರಾಂ ಅಂದರೆ ಒಂದು ಗ್ರಾಮಿನ ನೂರು ಕೋಟಿಯ ಒಂದು ಪಾಲು. ಕಮ್ಮಿಯಾದರೆ ನೊರೆ ವಾಪಸ್, ಜಾಸ್ತಿಯಾದರೆ ಕಿಡ್ನಿಗೆ ರಕ್ತ ತರುವ ಸಣ್ಣ ನಾಳ ಬಿಗಿಯುತ್ತದೆ, ಕಿಡ್ನಿ ಸೋಸಿ ಹೊರಹಾಕಬೇಕಾದ ಕ್ರಿಯಾಟಿನಿನ್ ಎನ್ನುವ ಕಸ ರಕ್ತದಲ್ಲಿ ಏರುತ್ತದೆ. ರಕ್ತ ಕೊಡಬೇಕಾದದ್ದು ಹಿಂದಿನ ಮಾತ್ರೆ ತಗೊಂಡು ಹನ್ನೆರಡು ಗಂಟೆ ಆದ ಮೇಲೆ, ಮುಂದಿನದು ತಗೊಳ್ಳುವ ಮೊದಲು. ಅಂದರೆ ಬೆಳಿಗ್ಗೆ ಏಳಕ್ಕೆ ಮಾತ್ರೆ ನುಂಗದೆ ಲ್ಯಾಬಿನ ಬಾಗಿಲಲ್ಲಿ ಇರಬೇಕು. ಊರಿಂದ ಮಣಿಪಾಲಕ್ಕೆ ಏಳಕ್ಕೆ ಮುಟ್ಟುವ ಬಸ್ಸಿಲ್ಲ. ಹಿಂದಿನ ದಿನವೇ ಹೋಗಿ ಉಳಿದುಕೊಳ್ಳುತ್ತಿದ್ದೆವು. ಮಾತ್ರೆ ಚೀಲದಲ್ಲಿ, ರಕ್ತ ಕೊಟ್ಟ ಕೂಡಲೇ ಅಲ್ಲೇ ಬೆಂಚಿನ ಮೇಲೆ ನುಂಗುವುದು.

ಪ್ರತಿ ಸಲ ಹೋಗುವುದು ಆಗುವುದಿಲ್ಲ ಅಂತ ಒಮ್ಮೆ ಹತ್ತಿರದ ಒಂದು ಸಂಗ್ರಹ ಕೇಂದ್ರದಲ್ಲಿ ಕೊಟ್ಟೆ. ಅವರು ಬೇರೆ ಊರಿನ ಲ್ಯಾಬಿಗೆ ಕಳಿಸುತ್ತಾರೆ. ರಕ್ತ ತೆಗೆದವರು ಕೆಂಪು ಮುಚ್ಚಳದ ಟ್ಯೂಬಿಗೆ ಹಾಕಿದರು. ಏನೋ ಸರಿ ಇಲ್ಲ ಅನ್ನಿಸಿತು, ಆದರೆ ಬಾಯಿ ಬಿಡಲಿಲ್ಲ. ನಾಲ್ಕು ದಿನ ಬಿಟ್ಟು ಉತ್ತರ ಬಂತು: ಮಾದರಿ ತಿರಸ್ಕೃತ. ಸೈಕ್ಲೋಸ್ಪೊರಿನ್‌ನ ಹೆಚ್ಚಿನ ಪಾಲು ಇರುವುದು ಕೆಂಪು ರಕ್ತಕಣಗಳಲ್ಲಿ. ಹಾಗಾಗಿ ಹೆಪ್ಪುಗಟ್ಟದ ಇಡೀ ರಕ್ತವೇ ಬೇಕು, ಇಡಿಟಿಎ ಇರುವ ನೇರಳೆ ಮುಚ್ಚಳದ ಟ್ಯೂಬ್. ಕೆಂಪು ಮುಚ್ಚಳದ್ದರಲ್ಲಿ ರಕ್ತ ಹೆಪ್ಪುಗಟ್ಟುತ್ತದೆ, ಮೇಲಿನ ತಿಳಿ ಮಾತ್ರ ಸಿಗುತ್ತದೆ. ಐದು ದಿನ, ದುಡ್ಡು, ಎಲ್ಲಾ ಹೋಯಿತು. ಅಂದಿನಿಂದ ಸೂಜಿ ಚುಚ್ಚುವ ಮೊದಲೇ ಕೇಳುತ್ತೇನೆ, ನೇರಳೆ ಅಲ್ವಾ? ಇದನ್ನು ಓದುವವರಲ್ಲಿ ಈ ಔಷಧ ತಗೊಳ್ಳುವವರು ಇದ್ದರೆ ನೀವೂ ಕೇಳಿ. ಕೇಳಿದರೆ ಯಾರೂ ಬೈಯುವುದಿಲ್ಲ.

ಚಕ್ಕೋತದ ವಿಷಯ ಹೇಳಲೇಬೇಕು. ನಮ್ಮ ಕೊಟ್ಟಿಗೆಯ ಹಿಂದೆ ಅಜ್ಜ ನೆಟ್ಟ ಚಕ್ಕೋತದ ಮರ ಇದೆ, ಒಳಗೆ ಗುಲಾಬಿ ಬಣ್ಣ. 2022ರ ನವೆಂಬರಿನಲ್ಲಿ ಹಣ್ಣು ಸುರಿದಿತ್ತು. ಸ್ಟೀರಾಯ್ಡ್ ಕಮ್ಮಿಯಾಗಿ ಬಾಯಿ ರುಚಿ ಬಂದ ದಿನಗಳು, ಉಪ್ಪು ಕಮ್ಮಿ ತಿನ್ನಬೇಕು ಅಂತ ಅಪ್ಪೆಮಿಡಿ ಉಪ್ಪಿನಕಾಯಿ ಮುಟ್ಟುತ್ತಿರಲಿಲ್ಲ, ಹಾಗಾಗಿ ಮಧ್ಯಾಹ್ನ ಊಟ ಆದ ಮೇಲೆ ದಿನಾ ನಾಲ್ಕೈದು ತೊಳೆ ಬಿಡಿಸಿ ಬೆಲ್ಲದ ಜೊತೆ ತಿನ್ನುತ್ತಿದ್ದೆ. ಎರಡು ವಾರ. ಕೈ ಸಣ್ಣಗೆ ನಡುಗಲು ಶುರುವಾಯಿತು. ಬೋರ್ಡಿನ ಮೇಲೆ ಸಮೀಕರಣ ಬರೆಯುವಾಗ ಬಾಣದ ಗುರುತು ಅಲೆಯ ಹಾಗೆ ಬರುತ್ತಿತ್ತು. ಪರೀಕ್ಷೆ ಮಾಡಿಸಿದರೆ ಮಟ್ಟ 196, ಹಿಂದಿನ ತಿಂಗಳು 128. ಕ್ರಿಯಾಟಿನಿನ್ 0.7 ಇದ್ದದ್ದು 1.0.

ಡಾಕ್ಟರ್ ಮೊದಲು ಕೇಳಿದ್ದು "ಹೊಸ ಮಾತ್ರೆ ಏನಾದ್ರೂ ತಗೊಂಡ್ರಾ?" ಇಲ್ಲ. "ಹಣ್ಣು?" ಚಕ್ಕೋತ ಅಂದೆ. ಅವರು ಪೆನ್ನು ಕೆಳಗಿಟ್ಟರು.

ದ್ರಾಕ್ಷಿಹಣ್ಣಲ್ಲ, ಗ್ರೇಪ್‌ಫ್ರೂಟ್ ಅಂತ ಪರದೇಶದ ಹಣ್ಣೊಂದಿದೆ. ಅದರ ರಸ ಕೆಲವು ಔಷಧಗಳ ಮಟ್ಟ ಏರಿಸುತ್ತದೆ ಎನ್ನುವುದನ್ನು 1989ರಲ್ಲಿ ಕೆನಡಾದ ಡೇವಿಡ್ ಬೈಲಿಯವರ ತಂಡ ಆಕಸ್ಮಿಕವಾಗಿ ಕಂಡುಕೊಂಡಿತು. ಮದ್ಯದ ರುಚಿ ಮುಚ್ಚಲು ಆ ರಸ ಬಳಸಿದ ಪ್ರಯೋಗ ಅದು. ಔಷಧದ ಚೀಟಿಯಲ್ಲೂ ಅದೇ ಹಣ್ಣಿನ ಹೆಸರು ಇತ್ತು. ನಮ್ಮಲ್ಲಿ ಅದು ಎಲ್ಲಿ ಸಿಗುತ್ತದೆ ಅಂತ ನಾನು ಆ ಸಾಲು ದಾಟಿ ಹೋಗಿದ್ದೆ. ಆದರೆ ಗ್ರೇಪ್‌ಫ್ರೂಟ್ ಹುಟ್ಟಿದ್ದೇ ಚಕ್ಕೋತ ಮತ್ತು ಕಿತ್ತಳೆಯ ಬೆರಕೆಯಿಂದ. ತಾಯಿ ಹಣ್ಣು ನಮ್ಮ ಕೊಟ್ಟಿಗೆಯ ಹಿಂದೆಯೇ ಇತ್ತು. ಈ ಹಣ್ಣುಗಳಲ್ಲಿ ಫ್ಯುರಾನೊಕೂಮರಿನ್ ಎನ್ನುವ ವಸ್ತುಗಳಿವೆ. ಕರುಳಿನ ಗೋಡೆಯಲ್ಲಿ ಸಿಪ್3ಎ4 ಎಂಬ ಕಿಣ್ವ ಸೈಕ್ಲೋಸ್ಪೊರಿನ್ನಿನ ದೊಡ್ಡ ಪಾಲನ್ನು ಒಳಗೆ ಬಿಡುವ ಮೊದಲೇ ಒಡೆಯುತ್ತದೆ. ಫ್ಯುರಾನೊಕೂಮರಿನ್ ಆ ಕಿಣ್ವವನ್ನೇ ಕೆಡಿಸಿಬಿಡುತ್ತದೆ, ಸರಿಯಾಗಬೇಕಾದರೆ ಕರುಳು ಹೊಸ ಕಿಣ್ವ ಮಾಡಬೇಕು, ಅದಕ್ಕೆ ಒಂದೆರಡು ದಿನವೇ ಬೇಕು. ಹಾಗಾಗಿ ಮಾತ್ರೆ ಬೆಳಿಗ್ಗೆ, ಹಣ್ಣು ಮಧ್ಯಾಹ್ನ ಅಂತ ಹೊತ್ತು ಬೇರೆ ಮಾಡಿದರೆ ಪ್ರಯೋಜನ ಇಲ್ಲ. ಚಕ್ಕೋತದ ರಸ ಸೈಕ್ಲೋಸ್ಪೊರಿನ್ ಮಟ್ಟ ಏರಿಸುತ್ತದೆ ಅಂತ ಮನುಷ್ಯರ ಮೇಲಿನ ಪರೀಕ್ಷೆಯಲ್ಲೇ ಕಂಡಿದೆ. ಎಲ್ಲಾ ಏರಿಕೆ ಹಣ್ಣಿನದ್ದೇ ಅಂತ ಹೇಳಲು ಆಗದು, ಆದರೂ ಬಿಡಿ ಅಂದರು. ಕ್ರಿಯಾಟಿನಿನ್ ಮೊದಲಿದ್ದದ್ದಕ್ಕಿಂತ ಶೇಕಡಾ 30 ಏರಿದರೆ ಪ್ರಮಾಣ ಇಳಿಸುವುದು ಕ್ರಮ, ಹಾಗೆ ದಿನಕ್ಕೆ 150ಕ್ಕೆ ಇಳಿಸಿದರು. ಮೂರು ವಾರಕ್ಕೆ 0.8, ಮಟ್ಟ 112. ಕೈ ನಡುಕ ನಿಂತಿತು.

ಇದೇ ಕಿಣ್ವದ ಲೆಕ್ಕ ಬೇರೆ ಔಷಧಗಳಿಗೂ ಇದೆ. ಕ್ಲಾರಿತ್ರೊಮೈಸಿನ್, ಡಿಲ್ಟಿಯಾಜೆಮ್ ಮಟ್ಟ ಏರಿಸುತ್ತವೆ, ಕ್ಷಯದ ರಿಫಾಂಪಿಸಿನ್, ಅಪಸ್ಮಾರದ ಫೆನಿಟಾಯಿನ್ ಇಳಿಸಿಬಿಡುತ್ತವೆ. ಕಸಿ ಮಾಡಿಸಿಕೊಂಡ ಬಡವರಿಗೆ ಡಾಕ್ಟರುಗಳು ಬೇಕಂತಲೇ ಡಿಲ್ಟಿಯಾಜೆಮ್ ಅಥವಾ ಕೀಟೊಕೊನಜೋಲ್ ಜೊತೆ ಕೊಟ್ಟು ಸೈಕ್ಲೋಸ್ಪೊರಿನ್ ಕಮ್ಮಿ ಸಾಕಾಗುವ ಹಾಗೆ ಮಾಡಿ ಖರ್ಚು ಉಳಿಸಿದ್ದೂ ನಮ್ಮ ದೇಶದಲ್ಲಿ ಇದೆ. ಆ ಬುದ್ಧಿಗೆ ಕೈ ಮುಗಿಯಬೇಕು. ಆದರೆ ಅದು ಡಾಕ್ಟರ್ ಕೈಯಲ್ಲಿ ಇರಬೇಕಾದ ಲೆಕ್ಕ. ಕೆಮ್ಮಿಗೆ ಹೋದಾಗ ಒಮ್ಮೆ ಕ್ಲಾರಿತ್ರೊಮೈಸಿನ್ ಬರೆದರು, ನುಂಗುವ ಮೊದಲು ಮಣಿಪಾಲಕ್ಕೆ ಫೋನ್ ಮಾಡಿ ಕೇಳಿದೆ, ಬದಲಿಸಿದರು. ಅತ್ತೆ ಪ್ರೀತಿಯಿಂದ ತಂದ ಕಷಾಯದ ಪುಡಿಯನ್ನೂ ಬೇಡ ಅಂದೆ. ಅವಳಿಗೆ ಬೇಸರವಾಯಿತು. ಒಳಗೆ ಏನೇನು ಇದೆ ಗೊತ್ತಿಲ್ಲದೆ ಹೇಗೆ ಕುಡಿಯಲಿ?

ಅಡ್ಡ ಪರಿಣಾಮಗಳು ಬೇಗ ಹೇಳಿ ಮುಗಿಸುತ್ತೇನೆ. ಅಂಗೈ, ಅಂಗಾಲು ಉರಿ, ಮೊದಲ ಎರಡು ತಿಂಗಳು. ಬಿಪಿ ಏರಿತು. ಅದಕ್ಕೆ ಕೊಟ್ಟ ಆಮ್ಲೊಡಿಪಿನ್ ಕೂಡ ಒಸಡು ಬೆಳೆಸುತ್ತದೆ, ಸೈಕ್ಲೋಸ್ಪೊರಿನ್ ಕೂಡ, ಎರಡೂ ಸೇರಿ ಹಲ್ಲಿನ ಮಧ್ಯ ಒಸಡು ಉಬ್ಬಿ ರಕ್ತ ಬರತೊಡಗಿತು. ಬಿಪಿ ಮಾತ್ರೆ ಬದಲಿಸಿದರು, ಹಲ್ಲಿನ ಡಾಕ್ಟರ್ ಹತ್ತಿರ ಆರು ತಿಂಗಳಿಗೊಮ್ಮೆ ಸ್ವಚ್ಛ ಮಾಡಿಸಿದೆ. ಕೆನ್ನೆಯ ಮೇಲೆ, ಕೈಗಳ ಮೇಲೆ ಕೂದಲು ದಟ್ಟವಾಯಿತು. ಇದು ನನಗೆ ಕಷ್ಟವಾಗಿತ್ತು, ಮದುವೆ ಮನೆಗಳಿಗೆ ಹೋಗುವುದೇ ಬಿಟ್ಟಿದ್ದೆ. ಕೂದಲು ಬೆಳೆಸದ ಟ್ಯಾಕ್ರೋಲಿಮಸ್ ಎಂಬ ಬೇರೆ ಔಷಧಕ್ಕೆ ಬದಲಾಯಿಸೋಣವೇ ಅಂತ ಡಾಕ್ಟರ್ ಕೇಳಿದರು. ಅದು ಜಪಾನಿನ ತ್ಸುಕುಬಾದ ಮಣ್ಣಿನ ಬ್ಯಾಕ್ಟೀರಿಯಾದಿಂದ ಬಂದದ್ದು, ಕಟ್ಟಿಹಾಕುವುದು ಇದೇ ಕ್ಯಾಲ್ಸಿನ್ಯೂರಿನ್. ನೊರೆ ನಿಂತಿರುವಾಗ ಬದಲಿಸುವ ಧೈರ್ಯ ನನಗೆ ಬರಲಿಲ್ಲ. ಮೈಕೈ ನೋವಿಗೆ ಡೈಕ್ಲೊಫಿನಾಕ್ ಅಂಥವು ಬಂದ್. ಬೇಸಿಗೆಯಲ್ಲಿ ಸೊಪ್ಪಿನ ಬೆಟ್ಟಕ್ಕೆ ದರಕು ತರಲು ಹೋಗುವುದೂ ಬಂದ್. ಪಕ್ಕದ ಸಿದ್ದಾಪುರ ಕಡೆ ಉಣುಗಿನಿಂದ ಮಂಗನ ಕಾಯಿಲೆ ಬರುತ್ತದೆ, ಇಂಥ ಔಷಧದ ಮೇಲಿರುವವರು ಸುಮ್ನೆ ಅಪಾಯ ಮೈಮೇಲೆ ಎಳೆದುಕೊಳ್ಳಬಾರದು.

ಈಗ ಬೇರುಹುಳ. ಮರದ ಬುಡ ಅಗೆದರೆ ಬೆಳ್ಳಗೆ ಸುತ್ತಿಕೊಂಡು ಮಲಗಿರುವ, ಅಡಿಕೆಯ ಬೇರು ತಿಂದು ಮರ ಸೊರಗಿಸುವ ಹುಳ, ತೋಟ ಇರುವವರಿಗೆಲ್ಲ ಗೊತ್ತು. ಅಪ್ಪ ಎರಡು ವರ್ಷದಿಂದ ಅದಕ್ಕೆ ಮೆಟಾರೈಜಿಯಂ ಎನ್ನುವ ಬೂಷ್ಟನ್ನು ಗೊಬ್ಬರದಲ್ಲಿ ಬೆರೆಸಿ ಬುಡಕ್ಕೆ ಹಾಕುತ್ತಾನೆ. 2023ರ ಸೆಪ್ಟೆಂಬರಿನಲ್ಲಿ ಒಂದು ದಿನ ಹಾಳೆಯ ಚೂರಿನ ಮೇಲೆ ಏನೋ ಇಟ್ಟುಕೊಂಡು ಅಂಗಳಕ್ಕೆ ಬಂದ. ಸತ್ತ ಬೇರುಹುಳ. ಕಡ್ಡಿಯಿಂದ ಮುಟ್ಟಿದರೆ ಸುಣ್ಣದ ಕಡ್ಡಿಯ ಹಾಗೆ ಗಟ್ಟಿ. ಕಾಲುಗಳ ಸಂದಿಯಿಂದ ಬಿಳಿ ಎಳೆಗಳು ಹೊರಗೆ ಬಂದಿದ್ದವು, ಬೆನ್ನಿನ ಮೇಲೆ ಅದೇ ಎಳೆ ಪಾಚಿ ಹಸಿರಿನ ಹುಡಿಯಾಗಿ ಮಾಗಿತ್ತು. ಊದಿದರೆ ಹಾರುತ್ತಿತ್ತು. ನನ್ನನ್ನು ದೂರ ನಿಲ್ಲಿಸಿ ತಾನೇ ತಿರುಗಿಸಿ ತೋರಿಸಿದ.

ಆಗ ಹೇಳಿದೆ. ನನ್ನ ಔಷಧದ ಬೂಷ್ಟನ್ನು ಎಷ್ಟೋ ವರ್ಷ ಬರೀ ಮಣ್ಣಿನದ್ದು ಅಂದುಕೊಂಡಿದ್ದರು. 1996ರಲ್ಲಿ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಕ್ಯಾಥಿ ಹಾಜ್ ಮತ್ತು ಜೊತೆಯವರು ಅದರ ಇನ್ನೊಂದು ರೂಪವನ್ನು ಗುರುತಿಸಿದರು. ಅದು ಬೆಳೆದಿದ್ದದ್ದು ಒಂದು ದುಂಬಿಯ ಮರಿಹುಳದ ಮೇಲೆ, ಈ ಬೇರುಹುಳದ ಕುಲದ್ದೇ. ಹುಳವನ್ನು ಹಿಡಿದು ಬದುಕುವ ಬೂಷ್ಟು ಅದು. ಅಪ್ಪ ಹಾಳೆಯನ್ನು ಕಟ್ಟೆಯ ಮೇಲಿಟ್ಟು ಸ್ವಲ್ಪ ಹೊತ್ತು ನೋಡಿದ. "ಹಂಗಾರೆ ಇದು ನಮ್ಮ ಕಡೆದೇ" ಅಂದ. ಆಮೇಲೆ ನನ್ನ ಮಾತ್ರೆಯ ಬಗ್ಗೆ ಅವನು ಬೇಜಾರು ಹೇಳಿದ್ದಿಲ್ಲ. ಸಂಜೆ ಏಳಕ್ಕೆ ಐದು ನಿಮಿಷ ಇರುವಾಗ ನೀರಿನ ಲೋಟ ತಂದು ಇಡುವುದು ಅವನ ಕೆಲಸವಾಯಿತು.

ಈ ಔಷಧವನ್ನು ಥಟ್ಟನೆ ನಿಲ್ಲಿಸುವ ಹಾಗಿಲ್ಲ, ನಿಲ್ಲಿಸಿದರೆ ಕಾಯಿಲೆ ಮರಳುವುದು ಸಾಮಾನ್ಯ. ಎರಡು ವರ್ಷ ತುಂಬಿದ ಮೇಲೆ ತಿಂಗಳುಗಟ್ಟಲೆ ಇಳಿಸುತ್ತಾ ಬಂದರು. 150, 125, 100, 75. ಪ್ರತಿ ಇಳಿತದ ಮರುದಿನ ಪಟ್ಟಿಯನ್ನು ಮೂತ್ರದಲ್ಲಿ ಅದ್ದಿ ಕಿಟಕಿಯ ಬೆಳಕಿಗೆ ಹಿಡಿಯುವಾಗ ಎದೆ ಹೊಡೆದುಕೊಳ್ಳುತ್ತದೆ. ಒಮ್ಮೆ 75ರಲ್ಲಿ ಅಂಚು ಹಸಿರಾದ ಹಾಗೆ ಕಂಡಿತು, ಮರುದಿನ ಮತ್ತೆ ಹಳದಿ. ನೆಗಡಿ ಇತ್ತು, ಅದಕ್ಕೂ ಆಗಬಹುದು ಅಂದರು. ಇದನ್ನು ಬರೆಯುವಾಗ 25 ಬೆಳಿಗ್ಗೆ, 25 ಸಂಜೆ. ಕ್ರಿಯಾಟಿನಿನ್ 0.8. ದೀಪಾವಳಿ ಕಳೆದ ಮೇಲೆ ಮತ್ತೆ ಘಟ್ಟ ಇಳಿಯಬೇಕು. ಈ ವರ್ಷವೂ ಚಕ್ಕೋತ ತುಂಬಾ ಬಿಟ್ಟಿದೆ, ಆಯಿ ಅಷ್ಟನ್ನೂ ಕೊಯ್ದು ಕೇರಿಯವರಿಗೆ ಹಂಚಿದಳು.